ಗಡಿಯಾರ ಒಂದು ಗಂಟೆ ಹಿಂದಕ್ಕೆ

ಏಪ್ರಿಲ್ 6, ಭಾನುವಾರ. ವೆಸ್ಟ್‌ಮಂಟ್, ಚಿಕಾಗೋ ಪಕ್ಕ

ಅಮ್ಮ ರೋಮ್ ನೋಡುವುದಿಲ್ಲವಂತೆ!

ಬೆಳಿಗ್ಗೆ ದೋಸೆ ಮಗುಚುತ್ತಾ, ಚಟ್ನಿಗೆ ಉಪ್ಪು ಕಮ್ಮಿಯಾಯಿತು ಅನ್ನುವಷ್ಟೇ ಸಲೀಸಾಗಿ ಹೇಳಿದಳು. ನನಗೆ ಕಾಫಿ ನೆತ್ತಿಗೇರಿತು. ಮೂರು ತಿಂಗಳಿಂದ ಆ ಒಂದು ದಿನಕ್ಕಾಗಿ ತಲೆ ಕೆಡಿಸಿಕೊಂಡವನು ನಾನು. ಅಮ್ಮನೂ ಅಕ್ಕನ ಮನೆಯವರೂ ಮೇ ತಿಂಗಳಲ್ಲಿ ಪ್ರವಾಸ ಹೋಗುವ ಹಡಗು ಇಟಲಿಯ ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ನಿಲ್ಲುತ್ತದೆ. ರೋಮ್ ಅಲ್ಲಿಂದ ಸುಮಾರು ಐವತ್ತು ಮೈಲಿ. ಬಂದರಿನ ಗೇಟಿನ ತನಕ ಒಂದು ಬಸ್ಸು, ಅಲ್ಲಿಂದ ಸ್ಟೇಷನ್ನಿಗೆ ಇನ್ನೊಂದು, ಆಮೇಲೆ ರೈಲು. ಅಮ್ಮನ ಮೊಣಕಾಲಿಗೆ ಎಲ್ಲೆಲ್ಲಿ ಕೂರಲು ಜಾಗ, ಎಲ್ಲೆಲ್ಲಿ ಬಾತ್‌ರೂಮು, ಎಲ್ಲವನ್ನೂ ನಿಮಿಷ ಸಮೇತ ಬರೆದಿಟ್ಟಿದ್ದೆ.

"ಅಷ್ಟ್ ದೂರ ಹೋಗಿ ಮುರ್ದುಬಿದ್ದಿರೋ ಕಲ್ಲು ನೋಡ್ಬೇಕಾ ಮಗಾ? ನಂಗೆ ಸಮುದ್ರದ ಮಗ್ಗುಲಲ್ಲಿ ಕೂತ್ಕಳಕೆ ಒಂದ್ ಜಾಗ ತೋರ್ಸು, ಸಾಕು. ಹತ್ರದಿಂದ ನೋಡೇ ಇಲ್ಲ ನಾನು. ಮಲ್ಲಮ್ನೋರೂ ಒಲ್ಲೆ ಅಂದವ್ರೆ. ಇಬ್ರೂ ಕೂತಿರ್ತೀವಿ."

ಮಲ್ಲಮ್ಮ ಎಂದರೆ ನಮ್ಮ ಭಾವನ ತಾಯಿ. ಗದಗಿನ ಕಡೆಯವರು, ಈಗ ಮಿಷಿಗನ್‌ನ ಲಿವೋನಿಯಾದಲ್ಲಿ ಭಾನಕ್ಕ ಮತ್ತು ಪ್ರಸಾದ್ ಭಾವನ ಜೊತೆಗೇ ಇದ್ದಾರೆ. ಬೀಗಿತ್ತಿಯರಿಬ್ಬರೂ ಸೇರಿ ಫೋನಿನಲ್ಲೇ ರೋಮ್ ಸಾಮ್ರಾಜ್ಯವನ್ನು ವಜಾ ಮಾಡಿದ್ದಾರೆ.

ಡಾಕ್ಟರು ಬಿಪಿ ಮಾತ್ರೆಯ ಜೊತೆ ಈ ನೋಟ್‌ಬುಕ್ಕನ್ನೂ ಶಿಫಾರಸು ಮಾಡಿದ್ದಾರೆ. ಸಿಟ್ಟು ಬಂದಾಗ ಬಾಯಿ ಮುಚ್ಚಿ ಪೆನ್ನು ತೆಗೆಯಬೇಕಂತೆ. ತೆಗೆದಿದ್ದೇನೆ. ಸಿಟ್ಟು ಇನ್ನೂ ಹಾಗೇ ಇದೆ.

ಏಪ್ರಿಲ್ 9, ಬುಧವಾರ

ಡೌನರ್ಸ್ ಗ್ರೋವ್‌ನ ಗಿರೀಶ್ ಅಂಕಲ್ ಆಫೀಸಿಗೇ ಫೋನ್ ಮಾಡಿದ್ದರು. ಸೆಪ್ಟೆಂಬರಿನಲ್ಲಿ ಅವರೂ ಕ್ರೂಸ್ ಹೊರಟಿದ್ದಾರೆ. "ನಿರಂಜನ್, ನಿಮ್ಮ ಶೀಟ್ ಒಂದಿದ್ರೆ ಗೈಡೇ ಬೇಡ ಕಣ್ರಿ. ಬಾರ್ಸಿಲೋನಾಗೂ ನೇಪಲ್ಸ್‌ಗೂ ಮಾಡ್ಕೊಟ್ಬಿಡಿ."

ಇದು ಹನ್ನೆರಡನೆಯ ಕುಟುಂಬ. ಲಾರಿಗಳು ಯಾವ ಗೋದಾಮಿಗೆ ಎಷ್ಟು ಹೊತ್ತಿಗೆ ಹೋಗಿ ನಿಲ್ಲಬೇಕು ಎಂದು ಗೊತ್ತುಮಾಡುವುದು ನನ್ನ ಸಂಬಳದ ಕೆಲಸ. ಮನುಷ್ಯರಿಗೂ ಹಾಗೇ ಮಾಡಿಕೊಡುತ್ತೇನೆ, ಪುಕ್ಕಟೆ. ಮನುಷ್ಯರಿಗಿಂತ ಲಾರಿಗಳು ಹೇಳಿದ ಮಾತು ಕೇಳುತ್ತವೆ.

ನೀವು ಯಾವಾಗ ಹೋಗಿದ್ದಿರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಾನಾಗಿ ಹೇಳಲೂ ಹೋಗಿಲ್ಲ. ನಾನು ಹಡಗು ಹತ್ತಿಲ್ಲ. ಯುರೋಪಿಗೆ ಕಾಲಿಟ್ಟಿಲ್ಲ. ನನ್ನ ಪಾಸ್‌ಪೋರ್ಟಿನ ಅಮೆರಿಕಾ ವೀಸಾ ಮುದ್ರೆ ಮುಗಿದು ಆರು ವರ್ಷವಾಯಿತು. ಇಲ್ಲೇ ಇದ್ದು ಕೆಲಸ ಮಾಡಲು ಅಡ್ಡಿಯಿಲ್ಲ. ಹೊರಗೆ ಹೋದರೆ ಮಾತ್ರ ಹೊಸ ಮುದ್ರೆ ಇಲ್ಲದೆ ಒಳಗೆ ಬರುವಂತಿಲ್ಲ. ಮುದ್ರೆಗೆಂದು ಹೋಗಿ ಐದು ತಿಂಗಳು ಸಿಕ್ಕಿಹಾಕಿಕೊಂಡು ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಊರಿಗೂ ಹೋಗಿಲ್ಲ. ಭಾನಕ್ಕನ ಮನೆಯವರು ಸಿಟಿಜನ್ನರು, ಎಲ್ಲಿಗೆ ಬೇಕಾದರೂ ಹಾರುತ್ತಾರೆ.

ಲಾವಣ್ಯ ಹೇಳಿದಳು: "ನೀವು ಕೂತ ಕುರ್ಚಿ ಬಿಡದೆ ಊರಿಗೆಲ್ಲ ಪ್ರಪಂಚ ತೋರಿಸ್ತೀರಲ್ಲ, ಮೆಚ್ಚಬೇಕು." ಹೆಂಡತಿ ಹೊಗಳಿದಳೋ ತಿವಿದಳೋ ತಿಳಿಯಲಿಲ್ಲ.

ಏಪ್ರಿಲ್ 19, ಶನಿವಾರ. ಲಿವೋನಿಯಾ

ಅಮ್ಮನನ್ನು ಭಾನಕ್ಕನ ಮನೆಗೆ ಬಿಡಲು ಬಂದಿದ್ದೇವೆ. ಅಮ್ಮ ಈ ದೇಶದಲ್ಲಿ ಇರಬಹುದಾದ ಆರು ತಿಂಗಳು ಮುಗಿಯುತ್ತಾ ಬಂತು. ಮೇ ಹತ್ತಕ್ಕೆ ಎಲ್ಲರೂ ಡೆಟ್ರಾಯಿಟ್‌ನಿಂದ ಅಥೆನ್ಸಿಗೆ ಹಾರಿ, ಅಲ್ಲಿ ಹಡಗು ಹತ್ತಿ, ಬಾರ್ಸಿಲೋನಾದಲ್ಲಿ ಇಳಿಯುತ್ತಾರೆ. ಅಮ್ಮ ಅಲ್ಲಿಂದಲೇ ಬೆಂಗಳೂರಿಗೆ, ಮಿಕ್ಕವರು ವಾಪಸ್ಸು.

ಕಾರಿನಲ್ಲಿ ಮಿಷಿಗನ್ ಬೋರ್ಡು ದಾಟಿದ ಕೂಡಲೇ ಅಮ್ಮ ತಾನಾಗಿಯೇ ಕೈಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದಳು. ಅದು ಅಪ್ಪನ ಕೀ ಕೊಡುವ ಗಡಿಯಾರ, ಅವಳ ಕೈಗೆ ಸಡಿಲ. ಇಲ್ಲಿಗೂ ಚಿಕಾಗೋಗೂ ಒಂದು ಗಂಟೆ ವ್ಯತ್ಯಾಸ ಎಂದು ಮೊದಲ ಸಲ ಹೇಳಿದಾಗ, ಹೊತ್ತು ಅನ್ನೋದು ರಸ್ತೇಲಿ ಬದಲಾಯ್ತದಾ ಎಂದು ಬೆಚ್ಚಿಬಿದ್ದಿದ್ದಳು. ಆಗ ನಾನು ಒಂದೇ ಒಂದು ನಿಯಮ ಹೇಳಿಕೊಟ್ಟೆ: ಕಾಲು ಯಾವ ನೆಲದ ಮೇಲಿದೆಯೋ ಆ ನೆಲದ ಹೊತ್ತು. ಆರು ತಿಂಗಳಲ್ಲಿ ನಾಲ್ಕು ಸಲ ಈ ಗಡಿ ದಾಟಿದ್ದೇವೆ, ಒಮ್ಮೆಯೂ ತಪ್ಪಿಲ್ಲ. ನನ್ನ ಲಾರಿ ಡ್ರೈವರುಗಳು ಅಮ್ಮನ ಹತ್ತಿರ ಟ್ಯೂಷನ್ನಿಗೆ ಬರಬೇಕು.

ಊಟದ ನಂತರ ಬಂದರಿನ ದಿನದ ಪ್ಲಾನನ್ನು ಟೀವಿಯ ಮೇಲೆ ಹಾಕಿ ವಿವರಿಸಿದೆ. ಅರ್ಧದಲ್ಲಿ ಭಾವ ಕೈ ಎತ್ತಿದರು. "ನಿರಂಜನ್, ಹಡಗಿನ್ಯಾಗ ಯಾವ ಟೈಮ್ ಹಿಡೀತಾರ? ಗ್ರೀಸಿಂದೋ, ಇಟಲೀದೋ?"

"ಭಾವ, ಹಡಗು ಇಟಲಿಯಲ್ಲಿ ನಿಂತ ಮೇಲೆ ಇಟಲಿ ಟೈಮೇ ತಾನೇ? ಹಡಗಿಗೆ ಬೇರೆ ಸೂರ್ಯ ಇರ್ತಾನಾ?"

ಎಲ್ಲರೂ ನಕ್ಕರು. ಭಾವನೂ ನಕ್ಕರು. ಹನ್ನೊಂದು ಕುಟುಂಬಕ್ಕೆ ಮಾಡಿಕೊಟ್ಟವನಿಗೆ ಇಂಥ ಪ್ರಶ್ನೆ ಕೇಳುತ್ತಾರಲ್ಲ.

ಮೇ 3, ಶನಿವಾರ

ಇಬ್ಬರು ಅಜ್ಜಿಯರಿಗೆ ಬೇರೆಯೇ ಹಾಳೆ ತಯಾರಾಯಿತು. ಪೂರ್ತಿ ಕನ್ನಡ, ದಪ್ಪ ಅಕ್ಷರ, ಲ್ಯಾಮಿನೇಷನ್. ಇಲ್ಲಿಗೆ ಇಳಿಸಿಕೊಳ್ಳುತ್ತೇನೆ, ಏಕೆಂದರೆ ಇಷ್ಟು ಚೊಕ್ಕಟವಾದದ್ದನ್ನು ನಾನು ಇದುವರೆಗೆ ಮಾಡಿಲ್ಲ.

"ಮಧ್ಯಾಹ್ನ 1:00. ಹಡಗಿನಲ್ಲೇ ಊಟ.
2:00. ಹಡಗಿನಿಂದ ಇಳಿಯುವುದು. ಇಳಿದ ತಕ್ಷಣ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುವುದು.
ಅಲ್ಲಿಂದ ಬಂದರಿನ ಬಸ್ಸಿನಲ್ಲಿ ಗೇಟಿಗೆ. ಎಡಕ್ಕೆ ಸಮುದ್ರದ ಪಕ್ಕ ನಡೆದರೆ ಮೂರನೇ ಬೆಂಚು. ಹಡಗು ಕಾಣುತ್ತದೆ.
5:00. ಬೆಂಚಿನಿಂದ ಏಳುವುದು. ಮೊದಲೇ ಎದ್ದು ಬಿಸಿಲಿನಲ್ಲಿ ಬಸ್ಸಿಗೆ ಕಾಯಬೇಡಿ.
5:15. ಬಸ್ಸು.
5:30. ಹಡಗಿನ ಒಳಗೆ.
6:00. ಹಡಗು ಹೊರಡುತ್ತದೆ.
ಯಾರು ಏನೇ ಹೇಳಿದರೂ ಗಾಬರಿಯಾಗಬೇಡಿ. ಹಾಳೆ ನೋಡಿ."

ಆ ಬೆಂಚನ್ನು ನಾನೇ ಆರಿಸಿದ್ದು. ಇಂಟರ್ನೆಟ್ಟಿನ ರಸ್ತೆ ಫೋಟೋಗಳಲ್ಲಿ ಆ ದಂಡೆಯುದ್ದಕ್ಕೂ ಎರಡು ಸಂಜೆ ಓಡಾಡಿದ್ದೇನೆ. ಮೊದಲ ಬೆಂಚಿಗೆ ಒರಗಲು ಹಲಗೆಯಿಲ್ಲ, ಎರಡನೆಯದರ ಪಕ್ಕ ಕಸದ ಡಬ್ಬ. ಮೂರನೆಯದಕ್ಕೆ ನೆರಳೂ ಇದೆ. ಗಡಿಯಾರದ ಸಾಲಂತೂ ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಗ್ರೀಸಿಗಿಂತ ಇಟಲಿ ಒಂದು ಗಂಟೆ ಹಿಂದೆ. ಅಮ್ಮನಿಗೆ ಫೋನಿನ ಗೊಡವೆ ಬೇಡ, ಗಡಿಯಾರ ಸಾಕು.

ಮೇ 10, ಶನಿವಾರ. ಲಿವೋನಿಯಾ

ಏರ್‌ಪೋರ್ಟಿನಲ್ಲಿ ಬೀಳ್ಕೊಟ್ಟೆ. ಅಮ್ಮ ಹಾಳೆಯನ್ನು ಪಾಸ್‌ಪೋರ್ಟಿನ ಚೀಲದಲ್ಲಿ, ಪಾಸ್‌ಪೋರ್ಟಿಗಿಂತ ಮೇಲೆ ಇಟ್ಟುಕೊಂಡಿದ್ದಾಳೆ.

"ನೀನ್ಯಾವಾಗ ಬತ್ತೀಯ ಊರ್ಗೆ?" ಎಂದಳು. ಸ್ಟಾಂಪಿಂಗ್ ಒಂದು ಸರಿಹೋಗಲಿ ಅಂದೆ. ತಲೆಯಾಡಿಸಿದಳು. ಸ್ಟಾಂಪಿಂಗ್ ಅಂದರೆ ಆ ವೀಸಾ ಮುದ್ರೆ ಎಂದು ಅವಳಿಗೆ ನಾನು ಸರಿಯಾಗಿ ಹೇಳಿದ್ದೇ ಇಲ್ಲ.

ಮೇ 15, ಗುರುವಾರ. ವೆಸ್ಟ್‌ಮಂಟ್, ಬೆಳಿಗ್ಗೆ 9:45

ಭಾನಕ್ಕನ ಫೋನ್. "ಅಮ್ಮ ನಿಂಗೇನಾದ್ರೂ ಫೋನ್ ಮಾಡಿದ್ಳಾ? ಕ್ಯಾಬಿನ್ನಲ್ಲಿ ಇಬ್ರೂ ಇಲ್ಲ ಕಣೋ. ಮೈಕಲ್ಲಿ ಹೆಸರು ಕೂಗ್ತಿದಾರೆ. ಹಡಗು ಹೊರಡ್ತಾ ಇದೆ!"

ಅಲ್ಲಿ ಈಗ ಪೌನೆ ಐದು. ಹಡಗು ಆರಕ್ಕೆ ತಾನೇ? ಕೇಳಿದೆ. "ಗೊತ್ತಿಲ್ಲ, ಹೊರಡ್ತಿದೆ ಅಷ್ಟೆ" ಅಂದಳು. ಹಿಂದೆ ಅವಳ ಮಗಳು ಮೇಧಾ ಅಳುತ್ತಾ "ಮಾಮ್, ವೇರ್ ಆರ್ ದೇ" ಅನ್ನುವುದು ಕೇಳಿಸಿತು. ಭಾವ ತಮ್ಮದೂ ಅಜ್ಜಿಯರಿಬ್ಬರದೂ ಪಾಸ್‌ಪೋರ್ಟು ಹಿಡಿದು ಹಡಗಿನಿಂದ ಇಳಿದು ಓಡಿದ್ದಾರಂತೆ.

ಅಕ್ಷರ ಸೊಟ್ಟ.

10:05

ಹಡಗು ಹೊರಟಿತು. ಭಾನಕ್ಕ ಮತ್ತು ಮೇಧಾ ಅದರೊಳಗೆ. ಭಾವ ಹೊರಗೆ. ಅಮ್ಮನೂ ಮಲ್ಲಮ್ಮನೂ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಅಮ್ಮನ ಫೋನು ಅಲ್ಲಿ ಕೆಲಸ ಮಾಡುವುದಿಲ್ಲ. ಬೇಡವೆಂದು ನಾನೇ ಹೇಳಿದ್ದೆ.

10:15

ರೋಮಿಗೆ ಇವತ್ತೇ ಫ್ಲೈಟ್ ಇದೆ, ಓಹೇರ್‌ನಿಂದ. ಸೀಟೂ ಇದೆ. ಹೆಸರು ತುಂಬಿಸಿದೆ, ಪಾಸ್‌ಪೋರ್ಟ್ ನಂಬರ್ ತುಂಬಿಸಿದೆ. ಆಮೇಲೆ ನೆನಪಾಯಿತು. ನನಗೆ ಇಟಲಿಯ ವೀಸಾ ಇಲ್ಲ, ಅದಕ್ಕೆ ವಾರಗಟ್ಟಲೆ ಬೇಕು. ಹೇಗೋ ಹೋದೆ ಅಂದುಕೊಂಡರೂ ವಾಪಸ್ ಬರಲು ಮುದ್ರೆಯಿಲ್ಲ. ಲಾವಣ್ಯ ಹಿಂದೆ ನಿಂತು ಎಲ್ಲ ನೋಡುತ್ತಿದ್ದಳು.

ಎಪ್ಪತ್ತೆರಡು ವರ್ಷದ ನನ್ನ ತಾಯಿ, ಭಾಷೆ ಗೊತ್ತಿಲ್ಲದ ಊರಿನ ಬೀದಿಯಲ್ಲಿದ್ದಾಳೆ. ನಾನು ಕುರ್ಚಿಯಿಂದ ಏಳಲಾರೆ. ಇಷ್ಟು ದಿನ ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹೀಗೆ ಗೊತ್ತಿರಲಿಲ್ಲ.

10:20

ರಸ್ತೆ ಫೋಟೋ ತೆರೆದೆ. ಮೂರನೇ ಬೆಂಚು. ಖಾಲಿ. ಅದು ಎರಡು ವರ್ಷ ಹಳೆಯ ಫೋಟೋ ಎಂದು ತಿಳಿದಿದ್ದರೂ ನೋಡುತ್ತಲೇ ಇದ್ದೇನೆ.

10:31

ಸಿಕ್ಕರು. ಬಂದರಿನ ಗೇಟಿನ ಹತ್ತಿರ ಇಬ್ಬರೂ ಸಿಕ್ಕರಂತೆ. ಭಾವ ಒಂದೇ ಸಾಲು ಕಳಿಸಿದ್ದಾರೆ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೇ 16, ಶುಕ್ರವಾರ

ಮೂವರೂ ವಿಮಾನದಲ್ಲಿ ಬಾರ್ಸಿಲೋನಾ ತಲುಪಿದ್ದಾರೆ. ಹಡಗು ನಾಳೆ ಅಲ್ಲಿಗೇ ಬರುತ್ತದೆ.

ಆದದ್ದು ಇಷ್ಟು. ಹಡಗಿನವರು ಸಮಯ ಬದಲಾಯಿಸಿ ಒಂದು ಗಂಟೆ ಮೊದಲೇ ಹೊರಟರಂತೆ. ಬಂದರಿನ ಬಸ್ಸಿನಲ್ಲಿ ಕೆಲಸ ಮಾಡುವ ಹುಡುಗಿ ಹೇಳಲು ಬೆಂಚಿನ ತನಕ ಬಂದಿದ್ದಳಂತೆ. ಆದರೆ ಬೀಗಿತ್ತಿಯರಿಬ್ಬರೂ ಗಾಳಿಗೆ ನಿದ್ದೆ ಹೋಗಿದ್ದರಂತೆ! ಭಾವ ಹೀಗೆಂದರು, ಅಮ್ಮನೂ ಭಾವನ ಫೋನಿನಲ್ಲಿ ಅದನ್ನೇ ಹೇಳಿದಳು.

ನಿನ್ನೆಯ ಭಯವೆಲ್ಲ ಸಿಟ್ಟಾಗಿ ತಿರುಗಿತು. "ನಿದ್ದೆ ಮಾಡೋಕೆ ಅಲ್ಲೀತನಕ ಹೋಗ್ಬೇಕಿತ್ತಾ ಅಮ್ಮ? ಎಷ್ಟು ಕಷ್ಟಪಟ್ಟು ಬರೆದುಕೊಟ್ಟಿದ್ದೆ! ಒಂದು ಹಾಳೆ ನೋಡ್ಕೊಂಡು ಇರೋಕೆ ಆಗ್ಲಿಲ್ವಾ?"

"ಊಂ ಕನಪ್ಪಾ. ತಪ್ಪಾಯ್ತು" ಅಂದಳು. ಆಮೇಲೆ, "ನಿನ್ ಮಾತ್ರೆ ತಕ್ಕಂಡ್ಯಾ?" ಅಂದಳು.

ಹಾಳೆ ಎಲ್ಲಿ ಎಂದು ಕೇಳಿದೆ. ಗಾಳಿಗೆ ಹಾರಿಹೋಯಿತಂತೆ. ಲ್ಯಾಮಿನೇಟ್ ಮಾಡಿದ ಹಾಳೆ!

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಪ್ಲಾನ್ ಸರಿಯಾಗಿಯೇ ಇತ್ತು. ಹಿರಿಯರು ಎಚ್ಚರವಾಗಿರಬೇಕಿತ್ತು." ಯಾರೂ ಉತ್ತರಿಸಲಿಲ್ಲ. ಹಡಗಿನ ಕಂಪನಿಗೂ ಎರಡು ಪುಟದ ದೂರು ಜಾಡಿಸಿದ್ದೇನೆ. ಹೇಳದೆ ಕೇಳದೆ ಸಮಯ ಬದಲಾಯಿಸಲು ಇದೇನು ಅವರ ಮನೆಯ ದೋಣಿಯೇ?

ಮೇ 20, ಮಂಗಳವಾರ

ಅಮ್ಮ ಮದ್ದೂರು ತಲುಪಿದಳು. ಭಾನಕ್ಕನವರು ಲಿವೋನಿಯಾ ತಲುಪಿದರು. ಅಮ್ಮನ ಜೊತೆ ಎರಡೇ ನಿಮಿಷ ಮಾತು. ದಣಿದಿದ್ದಾಳೆ, ಅಥವಾ ನಾನೇ ಬೇಗ ಇಟ್ಟೆ.

ಗಿರೀಶ್ ಅಂಕಲ್ ಶೀಟಿಗಾಗಿ ಮತ್ತೆ ಫೋನ್ ಮಾಡಿದ್ದರು. ಎತ್ತಲಿಲ್ಲ.

ಮೇ 23, ಶುಕ್ರವಾರ

ಹಡಗಿನ ಕಂಪನಿಯಿಂದ ಉತ್ತರ. ಐದು ಸಲ ಓದಿದೆ.

ಹಡಗು ಸಮಯ ಬದಲಾಯಿಸಿಯೇ ಇಲ್ಲ. ಹೇಳಿದಂತೆ ಸರಿಯಾಗಿ ಆರು ಗಂಟೆಗೇ ಹೊರಟಿದೆ. ಆದರೆ ಹಡಗಿನ ಗಡಿಯಾರ ಆ ದಿನ ಪೂರ್ತಿ ಗ್ರೀಸಿನ ಹೊತ್ತಿನಲ್ಲೇ ಇತ್ತು. ಅದನ್ನು ಇಟಲಿಯ ಹೊತ್ತಿಗೆ ತಿರುಗಿಸಿದ್ದು ಮಾರನೆಯ ದಿನ. ಪ್ರತಿ ಕ್ಯಾಬಿನ್ನಿಗೂ ಬೆಳಿಗ್ಗೆ ಹಾಕುವ ಕಾಗದದಲ್ಲಿ ಅಚ್ಚಾಗಿದೆ: ದಯವಿಟ್ಟು ಹಡಗಿನ ಸಮಯವನ್ನೇ ಅನುಸರಿಸಿ, ಕೈಗಡಿಯಾರ ಬದಲಾಯಿಸಬೇಡಿ. ಕಾಗದದ ನಕಲನ್ನೂ ಕಳಿಸಿದ್ದಾರೆ. ಇಂಗ್ಲಿಷಿನಲ್ಲಿದೆ. ಅಮ್ಮನಿಗೂ ಮಲ್ಲಮ್ಮನವರಿಗೂ ಇಂಗ್ಲಿಷ್ ಓದಲು ಬರುವುದಿಲ್ಲ. ಅದಕ್ಕೇ ತಾನೇ ನಾನು ಕನ್ನಡದಲ್ಲಿ ಬರೆದುಕೊಟ್ಟದ್ದು.

ಹಡಗಿನ ಆರು ಗಂಟೆ ಎಂದರೆ ದಡದ ಐದು ಗಂಟೆ. ನಾನು ಅಮ್ಮನಿಗೆ ಬೆಂಚಿನಿಂದ ಏಳು ಎಂದು ಬರೆದದ್ದೇ ಐದಕ್ಕೆ.

ಹಡಗಿಗೆ ಬೇರೆ ಸೂರ್ಯ ಇರ್ತಾನಾ ಎಂದು ಕೇಳಿದ್ದೆನಲ್ಲ, ಎಲ್ಲರೆದುರು, ಭಾವನಿಗೆ.

ಮೇ 24, ಶನಿವಾರ. ಲಿವೋನಿಯಾ

ಬೆಳಿಗ್ಗೆ ಒಬ್ಬನೇ ಹೊರಟೆ. ಮೆಮೋರಿಯಲ್ ಡೇ ರಜೆಗೆ ಹೊರಟವರಿಂದ ಐ-94 ತುಂಬಿತ್ತು, ಆರು ಗಂಟೆ ಹಿಡಿಯಿತು. ಭಾನಕ್ಕ ಮತ್ತು ಭಾವ ಮೇಧಾಳ ಸಾಕರ್ ಆಟಕ್ಕೆ ಹೋಗಿದ್ದರು. ಮನೆಯಲ್ಲಿ ಮಲ್ಲಮ್ಮನವರೊಬ್ಬರೇ, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ.

"ಬಂದ್ಯಾ ತಮ್ಮಾ? ಬರ್ತಿ ಅಂತ ಗೊತ್ತಿತ್ತು. ಕೂಡ್ರು." ಕೈ ತೊಳೆದು ಒಳಗೆ ಹೋಗಿ ಹಾಳೆ ತಂದು ಮೇಜಿನ ಮೇಲಿಟ್ಟರು. ನನ್ನ ಹಾಳೆ. ಹಾರಿಹೋದದ್ದು.

"ನಿಮ್ಮವ್ವ ವಿಮಾನದ ಸ್ಟೇಷನ್ನಿನ್ಯಾಗ ಇದನ್ನ ನನ್ನ ಕೈಯಾಗ ಕೊಟ್ಟು, ಯಾರಿಗೂ ಕಾಣಧಂಗ ಒಗೀರಿ ಅಂದ್ಲು. ನಾ ಒಗೀಲಿಲ್ಲ. ಬರದಾವರು ನೋಡಬೇಕು ಅಂತ ಇಟಗೊಂಡೆ. ಎಪ್ಪತ್ತಾರು ವರ್ಷದಾಗ ನಾ ಹಗಲಹೊತ್ತು ಮಲಗಿದಾಕಿ ಅಲ್ಲ. ನನ್ನೂ ಸೇರಿಸಿ ನಿದ್ದಿ ಹೊಡದ್ವಿ ಅಂತ ಹೇಳ್ಯಾಳ ನಿಮ್ಮವ್ವ!"

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಕಣ್ಣ ಮುಚ್ಚಿಲ್ಲ ಆಕಿ. ನಾಕ ಗಂಟೆಕ್ಕ ಬಸ್ಸಿನ ಹುಡುಗಿ ಓಡಿಕೋತ ಬಂದ್ಲು. ಕೈ ತೋರಿಸಿ ಬರ್ರಿ ಬರ್ರಿ ಅಂದ್ಲು. ನಾ ಎದ್ದ ನಿಂತೆ. ನಿಮ್ಮವ್ವ ಈ ಹಾಳಿ ತಗದು ಆಕಿ ಮುಂದ ಹಿಡದ್ಲು, ನನ್ನ ಮಗ ಬರದಾನ, ಇನ್ನೂ ಟೈಮ್ ಐತಿ ಅಂತ. ಪಾಪ, ಆ ಹುಡುಗಿಗೆ ಕನ್ನಡ ಓದಾಕ ಬರತೈತೇನ? ನೋಡಿ ನೋಡಿ ಹೋದ್ಲು. ಐದಕ್ಕ ಹಡಗ ಕೂಗ್ತು. ಬೀಗರ, ನಮ್ಮ ಹಡಗ ಹೊಂಟೈತಿ ಅಂದೆ. ನಿಮ್ಮವ್ವ ಗಡಿಯಾರ ನೋಡಿದ್ಲು, ಹಾಳಿ ನೋಡಿದ್ಲು. ಇಲ್ಲ ಮಲ್ಲಮ್ನೋರೆ, ನಮ್ದು ಆರಕ್ಕೆ, ಅದು ಬ್ಯಾರೇರ ಹಡಗು ಅಂದ್ಲು. ಪಾಪ ಯಾರೋ ಹೊಂಟಾರ ಅಂತ ಎದ್ದ ನಿಂತು ಕೈ ಬೀಸಿದ್ಲು."

ಆ ಹಡಗಿನಲ್ಲಿ ಭಾನಕ್ಕ ಇದ್ದಳು. ಮೇಧಾ ಇದ್ದಳು. ಅಮ್ಮ ತನ್ನದೇ ಹಡಗಿಗೆ ಕೈ ಬೀಸಿ ಕಳಿಸಿಕೊಟ್ಟಿದ್ದಾಳೆ. ಕಣ್ಣೆದುರು ಕಂಡ ಹಡಗಿಗಿಂತ ನಾನು ಬರೆದದ್ದೇ ಅವಳಿಗೆ ನಿಜವಾಗಿತ್ತು.

"ಪ್ರಸಾದ ಸಿಕ್ಕು ಎಲ್ಲಾ ಹೇಳಿದ ಮ್ಯಾಲೆ ಗೊತ್ತಾತು. ಆಮ್ಯಾಲೆ ಹಾಳಿ ಸೆರಗಿನಾಗ ಮುಚ್ಚಿಕೊಂಡ್ಲು. ನಿದ್ದೆ ಬಂತು ಅಂತ ಹೇಳನ, ಅವ್ನಿಗೆ ಬಿಪಿ ಅದೆ ಅಂದ್ಲು. ಪ್ರಸಾದಗ ಆಣಿ ಹಾಕಿದ್ಲು. ಅಂವ ಹಡಗು ಮೊದಲ ಹೊಂಟ್ತು ಅಂತ ಕತಿ ಕಟ್ಟಿದ. ನಂಗ ಆಣಿ ಹಾಕಾಕ ಬಂದ್ಲು, ನಾ ಒಲ್ಲೆ ಅಂದೆ."

ನಂತರ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ತಟ್ಟೆಗೆ ಹಾಕಿ ಮುಂದಿಟ್ಟರು. "ಉಣ್ಣು. ಹಸಗೊಂಡ ಬಂದಿ" ಅಂದರು. ಎರಡು ತುತ್ತು ತಿಂದು ತಟ್ಟೆ ಬದಿಗೆ ಸರಿಸಿದೆ. ಮಲ್ಲಮ್ಮ ನೀರು ಕೊಟ್ಟು ಬೆನ್ನ ಮೇಲೆ ಕೈಯಿಟ್ಟರು. ನಾನು ಅವರ ಅಡಿಗೆಮನೆಯಲ್ಲಿ ಕೂತು ಗಟ್ಟಿಯಾಗಿ ಅತ್ತೆ. ನಲ್ಲಿ ಬಿಟ್ಟುಕೊಳ್ಳಲಿಲ್ಲ.

ಸಂಜೆ ಭಾವ ಬಂದಾಗ ಕ್ಷಮೆ ಕೇಳಿದೆ. "ಬಿಡಪ, ನಾನೂ ಅವತ್ತ ನಕ್ಕಿದ್ನೆಲ್ಲ" ಅಂದರು.

ಮೇ 25, ಭಾನುವಾರ

ಬರುವಾಗ ಮಿಷಿಗನ್ ಗಡಿ ದಾಟಿದ ಮೇಲೆ ಕಾರು ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ಗುಂಪಿಗೆ ಬರೆದೆ: "ಹಾಳೆ ತಪ್ಪಾಗಿತ್ತು. ಗಡಿಯಾರ ತಿರುಗಿಸಲು ಹೇಳಿದ್ದು ನಾನು. ಅಮ್ಮನಿಗೂ ಮಲ್ಲಮ್ಮನವರಿಗೂ ನಿದ್ದೆ ಬಂದಿರಲಿಲ್ಲ." ಹದಿನಾರನೇ ತಾರೀಖಿನ ನನ್ನ ಮಾತನ್ನು ಅಳಿಸೋಣವೆಂದು ನೋಡಿದೆ, ಹಳೆಯದಾದ್ದರಿಂದ ಅಳಿಸಲಾಗಲಿಲ್ಲ. ಇರಲಿ.

ಗಿರೀಶ್ ಅಂಕಲ್‌ಗೂ ಅಲ್ಲಿಂದಲೇ ಫೋನ್ ಮಾಡಿದೆ. "ಅಂಕಲ್, ನಾನು ಯಾವತ್ತೂ ಹಡಗು ಹತ್ತಿಲ್ಲ. ಕ್ಯಾಬಿನ್ನಿಗೆ ಹಾಕೋ ಕಾಗದ ಓದಿ, ಅದೇ ಸರಿ. ನೀವು ಹೋಗಿ ಬಂದು ಹೇಗಿತ್ತು ಅಂತ ನಂಗೆ ಹೇಳಿ" ಅಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ನಗದಿದ್ದಾಗ ನಿಲ್ಲಿಸಿದರು.

ಮೇ 26, ಸೋಮವಾರ. ವೆಸ್ಟ್‌ಮಂಟ್

ಬೆಳಿಗ್ಗೆ ಎದ್ದಾಗ ಅಮ್ಮನ ವಾಯ್ಸ್ ಮೆಸೇಜ್ ಬಂದಿತ್ತು.

"ಮಗಾ, ಅದೇನ್ ದೊಡ್ಡ ಇಚಾರ ಅಂತ ಎಲ್ರಿಗೂ ಬರ್ಕಂಡ್ ಕೂತಿದ್ದೀಯ? ಮಲ್ಲಮ್ನೋರ್ಗೆ ಬಾಯಲ್ಲಿ ಒಂದ್ ಮಾತು ನಿಲ್ಲಾಕಿಲ್ಲ. ಆ ಬೆಂಚು ಬೋ ಚೆನ್ನಾಗಿತ್ತು ಕನಪ್ಪಾ. ನೆರಳಿತ್ತು. ಸಮುದ್ರನ ಕಣ್ತುಂಬ ನೋಡ್ದೆ. ಅದ್ನ ಯಾರೂ ಕೇಳ್ನೇ ಇಲ್ಲ ನನ್ನ. ಆಮೇಲೆ, ನಿಮ್ಮಪ್ಪನ್ ಗಡಿಯಾರ ಇನ್ನೂ ಆ ಊರಿನ್ ಹೊತ್ನೇ ತೋರಿಸ್ತಾ ಅದೆ. ದಿನಾ ಕೀ ಕೊಡ್ತಾ ಇವ್ನಿ. ಇಲ್ಲಿಗೆ ಬಂದ್ಮೇಲೆ ಎಷ್ಟು ತಿರುಗ್ಸಬೇಕು ಅಂತ ನೀನು ಹಾಳೇಲಿ ಬರ್ದಿರ್ನಿಲ್ಲ. ಭಾನು ಹೇಳಕ್ ಬಂದ್ಲು, ನಾನೇ ಬ್ಯಾಡ ಅಂದೆ. ನೀನು ಹೇಳು, ತಿರುಗುಸ್ಕತೀನಿ."

ಎರಡು ಸಲ ಕೇಳಿದೆ. ಆರು ದಿನದಿಂದ ಅಮ್ಮ ಮದ್ದೂರಿನಲ್ಲಿ ಇಟಲಿಯ ಹೊತ್ತು ಕಟ್ಟಿಕೊಂಡು ಓಡಾಡುತ್ತಿದ್ದಾಳೆ, ನಾನು ಹೇಳಲಿ ಎಂದು. ಅಷ್ಟೆಲ್ಲ ಆದ ಮೇಲೂ.

"ಮೂರೂವರೆ ಗಂಟೆ ಮುಂದಕ್ಕೆ" ಎಂದು ಟೈಪ್ ಮಾಡಿದೆ. ಕಳಿಸಲಿಲ್ಲ. ಲ್ಯಾಪ್‌ಟಾಪ್ ತೆಗೆದು ಹೊಸ ಹಾಳೆ ಶುರುಮಾಡಿದೆ. ವೆಸ್ಟ್‌ಮಂಟ್‌ನಿಂದ ಓಹೇರ್. ಓಹೇರ್‌ನಿಂದ ಬೆಂಗಳೂರು. ಬೆಂಗಳೂರಿನಿಂದ ಮದ್ದೂರಿಗೆ ರೈಲು. ಸ್ಟಾಂಪಿಂಗ್‌ಗೆ ಅಪ್ಲೈ ಮಾಡುವ ದಿನ: ಇವತ್ತು. ವಾಪಸ್ ಬರುವ ಸಾಲಿನಲ್ಲಿ ಏನೂ ಬರೆಯಲಿಲ್ಲ.

ಲಾವಣ್ಯ ಕಾಫಿ ತಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಇಲ್ಲೊಂದು ಸಾಲು ಬಿಟ್ಟೋಗಿದೆ" ಅಂದಳು.

"ಅದು ನಂಗೆ ಗೊತ್ತಿಲ್ಲ" ಅಂದೆ.

ಅವಳು ನನ್ನ ಪಕ್ಕ ಕೂತಳು. ಕೊನೆಯ ಸಾಲು ಬರೆದೆ: ಮದ್ದೂರು, ಮನೆ. ಅಮ್ಮನ ಕೈಯಿಂದ ಗಡಿಯಾರ ಬಿಚ್ಚಿಸಿಕೊಂಡು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸುವುದು.